ಆನ್‌ಲೈನ್ ಕಲಿಕಾ ತಾಣದಲ್ಲಿ ಪಠ್ಯಸಾಮಗ್ರಿ ಹಂಚಿಕೆ: ಕೃತಿಸ್ವಾಮ್ಯದ ನಿಯಮಗಳು

ವಿಶ್ವವಿದ್ಯಾನಿಲಯಗಳ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಅಧ್ಯಾಪಕರು ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕುವುದು ವಾಡಿಕೆಯಾಗಿದೆ. ಬೆಲೆಬಾಳುವ ಗ್ರಂಥಗಳನ್ನು ಕೊಳ್ಳಲಾಗದೆ ಗ್ರಂಥಾಲಯದ ಒಂದೇ ಪ್ರತಿಗಾಗಿ ಸರದಿ ಕಾಯುವ ವಿದ್ಯಾರ್ಥಿಗಳಿಗೆ ಇದರಿಂದಾಗುವ ಅನುಕೂಲ ಸಣ್ಣದಲ್ಲ. ಶಿಕ್ಷಣಕ್ಕಾಗಿ ಏನನ್ನು ಬೇಕಾದರೂ ನಕಲು ಮಾಡಬಹುದೆಂದು ಕೆಲವರು ಭಾವಿಸಿದ್ದಾರೆ. ಅನುಮತಿಯಿಲ್ಲದೆ ಒಂದು ಪುಟವನ್ನೂ ಕೊಡುವಂತಿಲ್ಲವೆಂದು ಹೆದರುವವರೂ ಇದ್ದಾರೆ. ಇವೆರಡೂ ಸರಿಯಲ್ಲ.

ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 52(1)(ಐ) ಅನ್ವಯ, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡುವುದು ಉಲ್ಲಂಘನೆಯಾಗುವುದಿಲ್ಲ. ಪರೀಕ್ಷೆಯ ಪ್ರಶ್ನೆ ಹಾಗೂ ಉತ್ತರಗಳಿಗೂ ಈ ವಿನಾಯಿತಿ ಇರುತ್ತದೆ. ಇದರ ವ್ಯಾಪ್ತಿ ದೆಹಲಿ ವಿಶ್ವವಿದ್ಯಾನಿಲಯದ ಜೆರಾಕ್ಸ್ ಅಂಗಡಿಯ ದಾವೆಯಲ್ಲಿ ಚರ್ಚೆಗೆ ಬಂದಿತು. ಪಠ್ಯಕ್ರಮಕ್ಕೆ ಅನುಗುಣವಾಗಿ ಆಯ್ದ ಭಾಗಗಳ ಸಂಪುಟಗಳನ್ನು ಸಿದ್ಧಪಡಿಸಿ ಮಾರುತ್ತಿದ್ದುದರ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಹಾಗೂ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದ್ದವು. ಬೋಧನೆ ಎಂಬುದು ತರಗತಿಯ ಉಪನ್ಯಾಸಕ್ಕಷ್ಟೇ ಸೀಮಿತವಲ್ಲ, ಎಷ್ಟು ಪುಟ ಎಂಬುದಕ್ಕಿಂತ ಬೋಧನೆಯ ಉದ್ದೇಶಕ್ಕೆ ಅದು ಅಗತ್ಯವೇ ಎಂಬುದೇ ಮುಖ್ಯ ಎಂದು ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2016ರ ಡಿಸೆಂಬರ್ 9ರಂದು ತೀರ್ಪು ನೀಡಿತು. ಪ್ರಕಾಶಕರು 2017ರಲ್ಲಿ ದಾವೆಯನ್ನು ಹಿಂಪಡೆದರು.

ಸದರಿ ತೀರ್ಪು ಕಾಗದದ ಪ್ರತಿಗಳಿಗೆ ಸಂಬಂಧಿಸಿದ್ದು. ಆನ್‌ಲೈನ್ ತಾಣದ ಬಗ್ಗೆ ಕಲಂ 52(1)(ಐ)ನಲ್ಲಿ ಪ್ರತ್ಯೇಕ ಉಲ್ಲೇಖವಿಲ್ಲ. ಆದುದರಿಂದ ಅಧ್ಯಾಪಕರು ಆಯಾ ಪತ್ರಿಕೆಗೆ ನೋಂದಾಯಿತರಾದ ವಿದ್ಯಾರ್ಥಿಗಳಿಗೆ ಮಾತ್ರ, ಪಾಸ್‌ವರ್ಡ್ ಮೂಲಕ ತೆರೆಯುವಂತೆ, ಪಾಠಕ್ಕೆ ಬೇಕಾದ ಭಾಗವನ್ನಷ್ಟೇ ಹಾಕುವುದು ಸುರಕ್ಷಿತ. ಅದೇ ಕಡತವನ್ನು ಯಾರು ಬೇಕಾದರೂ ತೆರೆಯಬಹುದಾದ ಪುಟದಲ್ಲಿ ಇರಿಸಿದರೆ ಅಥವಾ ವಿದ್ಯಾರ್ಥಿಯು ಅದನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ರವಾನಿಸಿದರೆ, ಅದು ಬೋಧನೆಯ ಸಂದರ್ಭವೆಂದು ವಾದಿಸುವುದು ಕಷ್ಟ. ಗ್ರಂಥಾಲಯವು ಚಂದಾ ನೀಡಿ ಪಡೆದ ಇ-ನಿಯತಕಾಲಿಕೆಗಳು ಒಪ್ಪಂದದ ಷರತ್ತುಗಳಿಗೂ ಒಳಪಡುತ್ತವೆ. ಲೇಖನದ ಪ್ರತಿಯ ಬದಲು ಕೊಂಡಿಯನ್ನು ನೀಡಿದರೆ ಸಾಕಾಗುತ್ತದೆ.

ಕನ್ನಡ ವಿಭಾಗಗಳಲ್ಲಿ ಮತ್ತೊಂದು ಗೊಂದಲ ಕಂಡುಬರುತ್ತದೆ. ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಸ್ವಾಮ್ಯವು ಅವರು ನಿಧನರಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. 1946ರಲ್ಲಿ ನಿಧನರಾದ ಬಿ.ಎಂ.ಶ್ರೀ ಅವರ ಇಂತಹ ಕೃತಿಗಳು 2007ರಿಂದ ಮುಕ್ತವಾಗಿವೆ. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ 2054ರ ಅಂತ್ಯದವರೆಗೆ ರಕ್ಷಣೆ ಇದೆ. ಪಂಪನ ಕಾವ್ಯಕ್ಕೆ ಸ್ವಾಮ್ಯವಿಲ್ಲ. ಆದರೆ ಇತ್ತೀಚಿನ ವಿದ್ವಾಂಸರು ಸಂಪಾದಿಸಿದ ಆವೃತ್ತಿಯ ಪೀಠಿಕೆ, ಟಿಪ್ಪಣಿ, ಗದ್ಯಾನುವಾದಗಳಿಗೆ ಇದೆ. ಮೂಲವು ಹಳೆಯದೆಂದು ಇಡೀ ಸಂಪುಟವನ್ನು ಸ್ಕ್ಯಾನ್ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಅಧ್ಯಾಪಕರು ನೌಕರಿಯ ಕರ್ತವ್ಯದ ಭಾಗವಾಗಿ ರಚಿಸಿದ ಟಿಪ್ಪಣಿಗಳಿಗೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಕಲಂ 17ರಂತೆ ಉದ್ಯೋಗದಾತ ಸಂಸ್ಥೆಯೇ ಮೊದಲ ಸ್ವಾಮ್ಯದಾರ. ದೃಷ್ಟಿಮಾಂದ್ಯರೇ ಮೊದಲಾದ ವಿಕಲಚೇತನ ವಿದ್ಯಾರ್ಥಿಗಳು ಬಳಸಬಹುದಾದ ರೂಪಕ್ಕೆ ಕೃತಿಯನ್ನು ಪರಿವರ್ತಿಸಿ ಲಾಭರಹಿತವಾಗಿ ನೀಡಲು 2012ರ ತಿದ್ದುಪಡಿ ಅವಕಾಶ ಕಲ್ಪಿಸಿದೆ. ಉದ್ದೇಶಪೂರ್ವಕ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳ ಕಾರಾವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ವ್ಯಾಪಾರದ ಲಾಭಕ್ಕಾಗಿ ಎಸಗಿದ್ದಲ್ಲವೆಂದಾದರೆ ನ್ಯಾಯಾಲಯವು ಕಾರಣ ದಾಖಲಿಸಿ ಶಿಕ್ಷೆಯನ್ನು ಕಡಿಮೆ ಮಾಡಬಹುದು.

ವಿನಾಯಿತಿಯ ಹೊರಗಿನ ಬಳಕೆಗೆ ಸ್ವಾಮ್ಯದಾರರ ಲಿಖಿತ ಅನುಮತಿ ಪಡೆಯತಕ್ಕದ್ದು. ದೂರವಾಣಿಯಲ್ಲಿ ದೊರೆತ ಒಪ್ಪಿಗೆ ಸಾಲದು. ಪತ್ರದಲ್ಲಿ ಕೃತಿ, ಪುಟಗಳು, ಪತ್ರಿಕೆಯ ಹೆಸರು, ವಿದ್ಯಾರ್ಥಿಗಳ ಸಂಖ್ಯೆ ಹಾಗೂ ಅವಧಿಯನ್ನು ನಮೂದಿಸಬೇಕು. ಅವಧಿಯನ್ನು ಬಿಟ್ಟುಬಿಟ್ಟರೆ ಅನುಮತಿಯು ಐದು ವರ್ಷಗಳಿಗೆ ಸೀಮಿತವೆಂದು ಪರಿಗಣಿಸಲಾಗುತ್ತದೆ.