ಥೈರಾಯ್ಡ್ ಗ್ರಂಥಿಯ ಕಿರು ಅರ್ಬುದಕ್ಕೆ ಶಾಖ ಚಿಕಿತ್ಸೆ

ಕಂಠದ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ ಒಂದು ಗ್ರಂಥಿಯಿದೆ. ಅದೇ ಥೈರಾಯ್ಡ್. ದೇಹದ ಶಾಖ, ತೂಕ, ನಾಡಿಬಡಿತ, ಮನಸ್ಸಿನ ಲವಲವಿಕೆ ಇವೆಲ್ಲವೂ ಇದರ ಸ್ರಾವವನ್ನು ಅವಲಂಬಿಸಿವೆ. ಗ್ರಂಥಿಯ ಹಿಂಬದಿಯಲ್ಲೇ ಧ್ವನಿಪೆಟ್ಟಿಗೆಯ ನರವು ಹಾದುಹೋಗುತ್ತದೆ. ಸವಾಯಿ ಗಂಧರ್ವರ ಸ್ಮರಣೆಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಸಂಗೀತೋತ್ಸವವನ್ನು ಆರಂಭಿಸಿದ ಪುಣೆಯಲ್ಲಿ, ಕಂಠದ ಬೆಲೆಯನ್ನು ಕನ್ನಡಿಗರಿಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ.

ಈ ಗ್ರಂಥಿಯ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತಗೊಳಿಸಿದ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಖರ್ 1909ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಥೈರಾಯ್ಡ್ ಅರ್ಬುದಕ್ಕೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮುಖ್ಯ ಉಪಾಯ. ಆದರೆ ಗ್ರಂಥಿಯನ್ನು ಪೂರ್ಣವಾಗಿ ತೆಗೆದರೆ ಜೀವನಪರ್ಯಂತ ಮಾತ್ರೆ ನುಂಗಬೇಕು. ನರಕ್ಕೆ ಪೆಟ್ಟಾದರೆ ಧ್ವನಿ ಒಡೆಯಬಹುದು. ನೆರೆಯ ಪುಟ್ಟ ಗ್ರಂಥಿಗಳು ಘಾಸಿಗೊಂಡರೆ ರಕ್ತದ ಸುಣ್ಣಾಂಶ ಇಳಿದು ಕೈಬೆರಳುಗಳು ಜುಮುಗುಡಬಹುದು.

ಹತ್ತು ಮಿಲಿಮೀಟರ್ ಮೀರದ, ಕಡಲೆಕಾಳಿನಷ್ಟು ಗಂಟಿಗೂ ಇಷ್ಟೆಲ್ಲ ಅಗತ್ಯವೆ? ಹಿಂದೆ ಕೈಗೆ ಸಿಗದಿದ್ದ ಇಂತಹ ಗಂಟುಗಳು ಇಂದು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಎದ್ದು ಕಾಣುತ್ತವೆ. ದಕ್ಷಿಣ ಕೊರಿಯಾದಲ್ಲಿ 1993ರಿಂದ 2011ರೊಳಗೆ ಪತ್ತೆಯಾದ ಥೈರಾಯ್ಡ್ ಅರ್ಬುದಗಳ ಪ್ರಮಾಣ ಹದಿನೈದು ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲಿಲ್ಲ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ 1993ರಿಂದ ಇಂತಹ ರೋಗಿಗಳಲ್ಲಿ ಅನೇಕರನ್ನು ಶಸ್ತ್ರಚಿಕಿತ್ಸೆಯಿಲ್ಲದೆ ನಿಗಾದಲ್ಲಿರಿಸಲಾಯಿತು. ಹತ್ತು ವರ್ಷಗಳಲ್ಲಿ ಗಂಟು ಗಮನಾರ್ಹವಾಗಿ ಬೆಳೆದದ್ದು ನೂರಕ್ಕೆ ಸುಮಾರು ಎಂಟು ಮಂದಿಯಲ್ಲಿ ಮಾತ್ರ.

ಆದರೂ "ಅರ್ಬುದ" ಎಂಬ ಮಾತು ಕಿವಿಗೆ ಬಿದ್ದಮೇಲೆ ಸುಮ್ಮನೆ ಕಾಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಶಾಖ ಚಿಕಿತ್ಸೆಯು ನಡುವಣ ಮಾರ್ಗವಾಗಿದೆ. ಕುತ್ತಿಗೆಯನ್ನಷ್ಟೇ ಮರಗಟ್ಟಿಸಿ, ಅಲ್ಟ್ರಾಸೌಂಡ್ ತೆರೆಯನ್ನು ನೋಡುತ್ತ ವೈದ್ಯರು ಸೂಜಿಯೊಂದನ್ನು ಗಂಟಿನೊಳಕ್ಕೆ ಇಳಿಸುತ್ತಾರೆ. ಅದರ ತುದಿಯಿಂದ ಹರಿಯುವ ರೇಡಿಯೋ ಆವರ್ತನದ ವಿದ್ಯುತ್ತು ಜೀವಕೋಶಗಳೊಳಗಿನ ವಿದ್ಯುದಂಶಗಳನ್ನು ಕಂಪಿಸುತ್ತದೆ. ಆ ಘರ್ಷಣೆಯಿಂದ ಶಾಖ ಹುಟ್ಟುತ್ತದೆ. ಅರುವತ್ತು ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ, ಬೆಂದ ಮೊಟ್ಟೆಯ ಬಿಳಿಭಾಗದಂತೆ, ಕೋಶಗಳ ಸಸಾರಜನಕ ಹೆಪ್ಪುಗಟ್ಟುತ್ತದೆ. ನರಕ್ಕೂ ಶ್ವಾಸನಾಳಕ್ಕೂ ಬಿಸಿ ತಗಲದಂತೆ ನಡುವೆ ದ್ರವವನ್ನು ಚುಚ್ಚಿ ಅಂತರ ಕಲ್ಪಿಸುತ್ತಾರೆ. ಸತ್ತ ಭಾಗವನ್ನು ಶರೀರವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ಉಳಿದ ಗ್ರಂಥಿ ತನ್ನ ಕೆಲಸ ಮುಂದುವರಿಸುವುದರಿಂದ ಸಾಮಾನ್ಯವಾಗಿ ಮಾತ್ರೆಯ ಅಗತ್ಯ ಬೀಳುವುದಿಲ್ಲ. ಕೊರಳಲ್ಲಿ ಗಾಯದ ಗೆರೆಯೂ ಉಳಿಯುವುದಿಲ್ಲ.

ಕೊರಿಯಾದ ವೈದ್ಯರು ಹೀಗೆ ಸುಟ್ಟ 84 ಗಂಟುಗಳನ್ನು ಐದು ವರ್ಷಕ್ಕೂ ಮಿಕ್ಕಿ ಗಮನಿಸಿ 2020ರಲ್ಲಿ ವರದಿ ಮಾಡಿದರು. ಸುಟ್ಟ ಜಾಗದಲ್ಲಿ ರೋಗ ಮರುಕಳಿಸಿರಲಿಲ್ಲ. ಆದರೆ ಕೆಲವರ ಗ್ರಂಥಿಯ ಬೇರೆಡೆ ಹೊಸ ಗಂಟು ಮೂಡಿತ್ತು. ಆದುದರಿಂದ ಚಿಕಿತ್ಸೆಯ ನಂತರವೂ ವರ್ಷ ವರ್ಷ ತಪಾಸಣೆ ತಪ್ಪದು. ಗಂಟನ್ನು ಹೊರತೆಗೆಯದ ಕಾರಣ ಸೂಕ್ಷ್ಮದರ್ಶಕದಡಿ ಅದನ್ನು ಪೂರ್ಣವಾಗಿ ಪರೀಕ್ಷಿಸುವ ಅವಕಾಶವೂ ಇಲ್ಲ. ದುಗ್ಧಗ್ರಂಥಿಗಳಿಗೆ ಹರಡಿದ, ನರಕ್ಕೆ ತೀರ ಅಂಟಿದ, ಉಗ್ರಸ್ವಭಾವದ ಅರ್ಬುದಗಳಿಗೆ ಇದು ತಕ್ಕುದಲ್ಲ.

ಕೊರಳಲ್ಲಿ ಕಿರು ಅರ್ಬುದವಿದೆಯೆಂದು ತಿಳಿದವರು ಆತುರಪಡದೆ ವೈದ್ಯರಲ್ಲಿ ಕೆಲವು ವಿಷಯಗಳನ್ನು ವಿಚಾರಿಸಬೇಕು: ಸೂಜಿ ಪರೀಕ್ಷೆಯಿಂದ ರೋಗ ಖಚಿತವಾಗಿದೆಯೆ? ಗಂಟಿಗೂ ಧ್ವನಿಯ ನರಕ್ಕೂ ಎಷ್ಟು ಅಂತರ? ಕಾದು ನೋಡಬಹುದೆ? ಈ ಚಿಕಿತ್ಸೆಯಲ್ಲಿ ಅವರಿಗೆ ಎಷ್ಟು ಅನುಭವವಿದೆ? ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಈ ರೋಗವು ವಿಚಾರಿಸಿ ನಿರ್ಧರಿಸುವಷ್ಟು ಕಾಲಾವಕಾಶವನ್ನು ಕೊಡುತ್ತದೆ. ಆ ಅವಕಾಶವನ್ನು ಅಲಕ್ಷ್ಯದಲ್ಲಿಯೂ ಕಳೆಯಬಾರದು, ಭಯದಲ್ಲಿಯೂ ಕಳೆಯಬಾರದು.