ಪಿಚ್ ಅಗಲದ ಸಮುದ್ರ!

ಒಂದು ಕ್ರಿಕೆಟ್ ಪಿಚ್ ಕಣ್ಣ ಮುಂದೆ ತಂದುಕೊಳ್ಳಿ. ಇಪ್ಪತ್ತೆರಡು ಗಜ. ಈಗ ಎರಡೂ ತುದಿಯ ಸ್ಟಂಪ್ ಕಿತ್ತುಹಾಕಿ. ಅಲ್ಲಿ ಒಂದೊಂದು ಗೋಡೆ ಎಬ್ಬಿಸಿ. ನೆಟ್ಟಗೆ! ಹಳದಿ ಸುಣ್ಣಕಲ್ಲಿನ ಗೋಡೆ! ನಡುವೆ ಸಮುದ್ರದ ನೀರು ಬಿಡಿ. ಆಮೇಲೆ ಆ ನೀರಿನಲ್ಲಿ ಒಂದು ಹಡಗು ನುಗ್ಗಿಸಿ!

ತಮಾಷೆ ಅಂದುಕೊಂಡಿರಾ? ಗ್ರೀಸ್‌ಗೆ ಹೋಗಿ ನೋಡಿ. ಅಲ್ಲಿದೆ ಕೊರಿಂತ್ ಕಾಲುವೆ. ತಳದಲ್ಲಿ ಅದರ ಅಗಲ ಬರೀ 21 ಮೀಟರ್. ಪಿಚ್‌ಗಿಂತ ಒಂದು ಹೆಜ್ಜೆ ಜಾಸ್ತಿ, ಅಷ್ಟೇ!

ಗೋಡೆ ಎಷ್ಟೆತ್ತರ ಇರಬಹುದು, ಹೇಳಿ ನೋಡೋಣ. ಮೂರು ಮಹಡಿ? ಹತ್ತು? ವಿಜಯಪುರದ ಗೋಲಗುಂಬಜ್ ನೋಡಿರುತ್ತೀರಿ, ಕತ್ತೆತ್ತಿ ಕತ್ತೆತ್ತಿ ಕುತ್ತಿಗೆ ಹಿಡಿದುಕೊಳ್ಳುತ್ತದಲ್ಲ, ಅದು ಸುಮಾರು 51 ಮೀಟರ್. ಅದನ್ನು ಹೊತ್ತು ತಂದು ಈ ಕಾಲುವೆಯೊಳಗೆ ಇಟ್ಟರೆ ನೆತ್ತಿ ಕೂಡ ಹೊರಗೆ ಕಾಣುವುದಿಲ್ಲ! (ಅಗಲದಲ್ಲಿ ಹಿಡಿಸುವುದಿಲ್ಲ, ಆ ಮಾತು ಬೇರೆ.) ಅತಿ ಎತ್ತರದ ಜಾಗದಲ್ಲಿ ಗೋಡೆ ನೀರಿನಿಂದ 79 ಮೀಟರ್ ಮೇಲೇಳುತ್ತದೆ!

ಯಾಕಿಷ್ಟು ಒದ್ದಾಟ? ನಕಾಶೆ ತೆರೆಯಿರಿ. ಗ್ರೀಸ್‌ನ ದಕ್ಷಿಣಕ್ಕೆ ಪೆಲೊಪೊನೀಸ್ ಎಂಬ ದೊಡ್ಡ ನೆಲ, ತೊಟ್ಟಿನಲ್ಲಿ ನೇತಾಡುವ ಹಲಸಿನಕಾಯಿಯಂತೆ. ಆ ತೊಟ್ಟಿನ ಈಚೆಗೊಂದು ಸಮುದ್ರ, ಆಚೆಗೊಂದು ಸಮುದ್ರ. ಹಡಗು ಇಡೀ ಹಲಸಿನಕಾಯಿ ಸುತ್ತಿ ಬರಬೇಕೆಂದರೆ ಸುಮಾರು 700 ಕಿ.ಮೀ.! ತೊಟ್ಟನ್ನೇ ಸೀಳಿದರೆ?

6.3 ಕಿ.ಮೀ.!

ಬೆಂಗಳೂರಿನಿಂದ ಬೀದರಿನಷ್ಟು ದೂರ ಸುತ್ತುವ ಬದಲು, ಮೆಜೆಸ್ಟಿಕ್‌ನಲ್ಲಿ ಹತ್ತಿ ಜಯನಗರದಲ್ಲಿ ಇಳಿದಂತೆ!

ಸರಿ, ಈ ಆರು ಕಿಲೋಮೀಟರ್ ಕೆಲಸ ಮುಗಿಸುವುದಕ್ಕೆ ಮನುಷ್ಯನಿಗೆ ಎಷ್ಟು ಕಾಲ ಬೇಕಾಯಿತು? ಐದು ವರ್ಷ? ಐವತ್ತು? ನಿಮ್ಮ ಉತ್ತರ ಮನಸ್ಸಿನಲ್ಲೇ ಇರಲಿ. ಬಿಟ್ಟುಕೊಡಬೇಡಿ.

ಮೊದಲು ಆಸೆಪಟ್ಟವನು ಪೆರಿಯಾಂಡರ್, ಕೊರಿಂತ್ ನಗರದ ಸರ್ವಾಧಿಕಾರಿ. ಕ್ರಿಸ್ತಪೂರ್ವ 600ರ ಹೊತ್ತಿನ ಮಾತು. ಅಗೆಯುವುದು ಆಗದ ಕೆಲಸ ಅನ್ನಿಸಿರಬೇಕು. ಹಾಗಂತ ಸುಮ್ಮನೆ ಕೂತನೇ? ಹಡಗನ್ನೇ ನೆಲದ ಮೇಲೆ ಎಳೆಸಿದ! ತೊಟ್ಟಿನ ಅಡ್ಡಕ್ಕೆ ಕಲ್ಲು ಹಾಸಿದ ದಾರಿ, ಹೆಸರು ಡಿಯೋಲ್ಕೋಸ್. ಮಾಡಿಸಿದವನು ಇವನೇ ಎನ್ನುವುದು ವಾಡಿಕೆ. ಹಾಸುಗಲ್ಲಿನಲ್ಲಿ ಎರಡು ಸಾಲು ಗಾಡಿಜಾಡು. ಹಂಪಿಯ ಹಳೇ ಕಲ್ಲುದಾರಿಯಲ್ಲಿ ಬೆರಳಾಡಿಸಿದ್ದೀರಾ? ಥೇಟ್ ಹಾಗೇ, ಕಲ್ಲು ಸವೆದು ಬೋಗುಣಿಯಂತೆ ನುಣುಪು! ಆ ಜಾಡಿನಲ್ಲಿ ಚಕ್ರದ ಗಾಡಿ, ಗಾಡಿಯ ಮೇಲೆ ಹಡಗು. ಕ್ರಿ.ಪೂ. 30ರ ಚಳಿಗಾಲದಲ್ಲಿ ತನ್ನ ವೈರಿ ಆಂಟನಿಯ ಬೆನ್ನುಹತ್ತಿದ್ದ ರೋಮಿನ ಆಕ್ಟೇವಿಯನ್ ಕೂಡ ತನ್ನ ಹಡಗುಗಳನ್ನು ಈ ತೊಟ್ಟಿನ ಮೇಲೇ ಎಳೆಸಿದ. ಹಡಗು ಗುಡ್ಡ ಹತ್ತುವುದು! ಎಂಥ ನೋಟ ಇದ್ದಿರಬೇಡ!

ಪೆರಿಯಾಂಡರ್ ಆದ ಮೇಲೆ ಆಸೆಪಟ್ಟವನು ದೊರೆ ಡಿಮಿಟ್ರಿಯಸ್. ಅಗೆದೇ ಬಿಡೋಣ ಅಂದ. ಅವನ ಎಂಜಿನಿಯರುಗಳು ಅಳತೆ ಮಾಡಿ ಬಂದು ಹೇಳಿದ್ದೇನು ಗೊತ್ತೇ? ಮಹಾಪ್ರಭೂ, ಆ ಕಡೆಯ ಸಮುದ್ರ ಈ ಕಡೆಗಿಂತ ಎತ್ತರದಲ್ಲಿದೆ, ಕೊರೆದರೆ ಈಜಿನಾ ದ್ವೀಪ ಮುಳುಗಿಹೋಗುತ್ತದೆ! ಕೆಲಸ ಬಂದ್. ಡಿಮಿಟ್ರಿಯಸ್ ಸೆರೆಯಲ್ಲಿ ಸತ್ತ.

ಜೂಲಿಯಸ್ ಸೀಸರ್ ಯೋಜನೆ ಹಾಕಿದ. ಇರಿದು ಕೊಂದರು!

ರೋಮಿನ ಚಕ್ರವರ್ತಿ ಕ್ಯಾಲಿಗುಲ ಅಳತೆಗೆ ಆಳು ಕಳಿಸಿದ. ಅವನನ್ನೂ ಕೊಂದರು!

ಈ ನೆಲ ಮುಟ್ಟಿದವನಿಗೆ ಒಳ್ಳೆಯ ಸಾವಿಲ್ಲ ಎಂದು ರೋಮಿನ ಪ್ಲಿನಿ ಪಟ್ಟಿಯನ್ನೇ ಬರೆದಿಟ್ಟ. ಪಟ್ಟಿಯ ಕೊನೆಯ ಹೆಸರು ಊಹಿಸಿ. ಹೌದು, ಅವನೇ. ನೀರೋ!

ಕ್ರಿ.ಶ. 67. ಕಹಳೆ ಊದಿದರು. ಚಕ್ರವರ್ತಿ ತಾನೇ ಗುದ್ದಲಿ ಎತ್ತಿದ. ಅಗೆದ ಮಣ್ಣನ್ನು ಬುಟ್ಟಿಗೆ ತುಂಬಿ ತಾನೇ ಹೆಗಲ ಮೇಲೆ ಹೊತ್ತ! ನೀರೋ, ಮಣ್ಣಿನ ಬುಟ್ಟಿ ಹೊತ್ತ ನೀರೋ! ಇದು ಬರೀ ಶಂಕುಸ್ಥಾಪನೆಯ ಫೋಟೋಗಾಗಿ ಅನ್ನೋಣವೆಂದರೆ ಆಗ ಕ್ಯಾಮೆರಾ ಇರಲಿಲ್ಲ. ನೆಲಕ್ಕೆ ಮೊದಲ ಏಟು ಬಿದ್ದಾಗ ರಕ್ತ ಚಿಮ್ಮಿತು, ನರಳಾಟ ಕೇಳಿಸಿತು, ಆಳುಗಳು ಹೆದರಿದರು, ಅದಕ್ಕೇ ಅವನು ಗುದ್ದಲಿ ಹಿಡಿದದ್ದು ಎನ್ನುತ್ತಾನೆ ಇತಿಹಾಸಕಾರ ಡಿಯೋ. ನಿಜವಾಗಿ ಬೆವರು ಸುರಿಸಿದವರು ಬೇರೆ. ಗಲಿಲೀಯಿಂದ ಹಿಡಿದು ತಂದ 6,000 ಯಹೂದಿ ಕೈದಿಗಳು. ಎರಡೂ ತುದಿಯಿಂದ ಕಂದಕ ತೋಡಿದರು, ನಡುವೆ ಬಂಡೆ ಪರೀಕ್ಷೆಗೆಂದು ಸಾಲಾಗಿ ಆಳದ ಗುಂಡಿ ಇಳಿಸಿದರು. ಮರುವರ್ಷ ನೀರೋ ತನ್ನ ಜೀವ ತಾನೇ ತೆಗೆದುಕೊಂಡ. ಗುದ್ದಲಿ ಮತ್ತೆ ಕೆಳಗೆ!

ಈಗ ಒಂದೇ ನೆಗೆತಕ್ಕೆ 1881. ಇಟಲಿಯ ಕ್ರಾಂತಿವೀರ ಗ್ಯಾರಿಬಾಲ್ಡಿಯ ಜೊತೆ ಕಾದಾಡಿದ್ದ ಹಂಗೇರಿಯ ಜನರಲ್ ಇಸ್ತ್ವಾನ್ ಟ್ಯೂರ್ ಗುತ್ತಿಗೆ ಹಿಡಿದ. ಅವನ ಎಂಜಿನಿಯರ್ ಬೇಲಾ ಗೆರ್ಸ್ಟರ್, ಪನಾಮಾದ ಕಾಡಿನಲ್ಲಿ ಕಾಲುವೆಗೆ ಜಾಗ ಹುಡುಕಿ ಬಂದವನು. ಹಲವು ದಾರಿ ಅಳೆದ, ತೂಗಿದ, ಕೊನೆಗೆ ಒಂದನ್ನು ಆರಿಸಿದ. ಯಾವುದನ್ನು?

ನೀರೋ ಅಗೆಸಿದ್ದ ಅದೇ ಗೆರೆಯನ್ನು! ಹದಿನೆಂಟು ಶತಮಾನ ದಾಟಿದರೂ ಅದಕ್ಕಿಂತ ಒಳ್ಳೆಯ ಗೆರೆ ಸಿಗಲಿಲ್ಲ! ಆ ರೋಮನ್ ಸರ್ವೇಯರ್‌ ಯಾರೋ ಏನೋ, ಅವನ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ.

ಶಾಪ ತೀರಿತ್ತೇ? ಎಲ್ಲಿಂದ! 1890ರಲ್ಲಿ ಕಂಪನಿ ದಿವಾಳಿ! ಆಂಡ್ರಿಯಾಸ್ ಸಿಂಗ್ರೋಸ್ ಎಂಬ ಗ್ರೀಕ್ ಸಾಹುಕಾರ ದುಡ್ಡಿನ ಹೊಣೆ ಹೊತ್ತ ಮೇಲೆ, 1893ರಲ್ಲಿ, ಕೊನೆಗೂ ಎರಡು ಸಮುದ್ರಗಳು ಕೂಡಿದವು.

ಈಗ ನಿಮ್ಮ ಮನಸ್ಸಿನಲ್ಲಿರುವ ಉತ್ತರ ತೆಗೆಯಿರಿ. ಪೆರಿಯಾಂಡರ್‌ನಿಂದ ಲೆಕ್ಕ ಹಿಡಿದರೆ, ಸುಮಾರು 2,500 ವರ್ಷ! ಆರು ಕಿಲೋಮೀಟರಿಗೆ!

ಈಜಿನಾ ಮುಳುಗಿತೇ? ಇಲ್ಲ! ಆದರೆ ಡಿಮಿಟ್ರಿಯಸ್‌ನ ಎಂಜಿನಿಯರುಗಳನ್ನು ಪೂರ್ತಿ ಹಾಸ್ಯ ಮಾಡುವಂತಿಲ್ಲ. ಎರಡು ಬದಿಯ ನೀರಿನ ಮಟ್ಟದಲ್ಲಿ ಚೂರು ವ್ಯತ್ಯಾಸ ನಿಜಕ್ಕೂ ಇದೆ. ಅದಕ್ಕೇ ಕಾಲುವೆಯೊಳಗೆ ಸೆಳೆತ. ಸುಮ್ಮನೆ ಸೆಳೆತವಲ್ಲ, ದಿಕ್ಕು ಬದಲಿಸುವ ಸೆಳೆತ!

ಇಷ್ಟೆಲ್ಲ ಆಗಿ ಲಾಭ ಆಯಿತೇ ಎಂದು ಕೇಳಬೇಡಿ. ಹಡಗುಗಳು ದಪ್ಪವಾಗುತ್ತಾ ಹೋದವು, ಕಾಲುವೆ ಇದ್ದಷ್ಟೇ ಉಳಿಯಿತು. ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಎವರ್ ಗಿವನ್ ನೆನಪಿದೆಯಲ್ಲ? ಅದರ ಅಗಲ ಸುಮಾರು 59 ಮೀಟರ್. ಇಲ್ಲಿ ಮೂತಿ ಕೂಡ ತೂರುವುದಿಲ್ಲ! ಮೇಲಾಗಿ ಗೋಡೆಯ ಕಲ್ಲು ಬಿರುಕುಬಿಟ್ಟದ್ದು. ಹಡಗಿನ ಅಲೆ ಬಡಿದಷ್ಟೂ ಕುಸಿತ. 1923ರಲ್ಲಿ ಬಿದ್ದದ್ದನ್ನು ಬಾಚಿ ತೆಗೆಯಲು ಎರಡು ವರ್ಷ! 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ನರು ದಡವನ್ನು ಸಿಡಿಸಿ, ರೈಲು ಎಂಜಿನ್ನು, ಬೋಗಿಗಳನ್ನೇ ಒಳಗೆ ತಳ್ಳಿಹೋದರು. ನಾಲ್ಕು ವರ್ಷ ಬಾಗಿಲು ಬಂದ್. 2021ರಲ್ಲಿ ಮತ್ತೆ ಕುಸಿತ, ಮತ್ತೆ ಬೀಗ, ಮತ್ತೆ ದುರಸ್ತಿ.

ಆದರೂ 2019ರ ಅಕ್ಟೋಬರ್‌ನಲ್ಲಿ ಏನಾಯಿತು ಕೇಳಿ! ಬ್ರೇಮಾರ್ ಎಂಬ ಪ್ರವಾಸಿ ಹಡಗು ಬಂತು. ಉದ್ದ 195 ಮೀಟರ್. ಅಗಲ 22.5 ಮೀಟರ್! ನೀರಿನ ಮಟ್ಟದಲ್ಲಿ ಕಾಲುವೆ ಸುಮಾರು 24 ಮೀಟರ್. ಕಳೆದು ನೋಡಿ. ಪಕ್ಕಕ್ಕೆ ಒಂದು ಮೀಟರೂ ಇಲ್ಲ! ಮುಂದೆ ಟಗ್ ದೋಣಿ ಇಂಚಿಂಚೇ ಎಳೆಯಿತು. ಡೆಕ್ ಮೇಲೆ ನಿಂತವರಿಗೆ ಕೈಚಾಚಿದರೆ ಗೋಡೆ ಸಿಕ್ಕೀತು ಅನ್ನಿಸುವಷ್ಟು ಹತ್ತಿರ. ಹಾದೇ ಹೋಯಿತು! ಇಲ್ಲಿ ದಾಟಿದ ಹಡಗುಗಳಲ್ಲೇ ಅತಿ ಉದ್ದದ್ದು!

ಇನ್ನೊಂದು ಬಾಕಿ ಇದೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಕಾಲುವೆಯ ಎರಡೂ ಬಾಯಲ್ಲಿ ಒಂದೊಂದು ಸೇತುವೆ. ಹಡಗು ಬಂದಾಗ ಸೇತುವೆ ಏನು ಮಾಡಬೇಕು? ನಮ್ಮ ಹಳೇ ಪಂಬನ್ ಸೇತುವೆಯಂತೆ ಮೇಲಕ್ಕೆ ತೆರೆದುಕೊಳ್ಳಬೇಕು, ಅಲ್ಲವೇ?

ಇಲ್ಲ! ಇದು ಮುಳುಗುತ್ತದೆ! ಕಾರುಗಳು ದಡದಲ್ಲಿ ಕಾಯುತ್ತವೆ, ಗಂಟೆ ಬಾರಿಸುತ್ತದೆ, ಇಡೀ ಸೇತುವೆ ಇದ್ದಂತೆಯೇ ನೀರಿನ ತಳಕ್ಕೆ ಇಳಿಯುತ್ತದೆ. ಹಡಗು ಅದರ ತಲೆಯ ಮೇಲೇ ಸಾಗಿಹೋಗುತ್ತದೆ! ಆಮೇಲೆ ನಿಧಾನಕ್ಕೆ, ನೀರು ಸುರಿಸುತ್ತಾ, ಹಲಗೆಗಳು ಮತ್ತೆ ಮೇಲೇಳುತ್ತವೆ. ಕೆಲವೊಮ್ಮೆ ಹಲಗೆಯ ಮೇಲೆ ಏನೋ ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಮೀನು! ಬೇಗ ಓಡಿ ಹೆಕ್ಕಿಕೊಂಡವರ ಮನೆಯಲ್ಲಿ ರಾತ್ರಿ ಊಟಕ್ಕೆ ಅದೇ.