ನಕಾಶೆಯ ಬಣ್ಣವೂ ನ್ಯೂ ಟೌನಿನ ಪೌರರೂ

ನಮ್ಮ ಪತ್ರಿಕೆಯ ಒಳಪುಟಗಳಲ್ಲಿ, ಟೆಂಡರು ಪ್ರಕಟಣೆಗಳಿಗೂ ಕಾಣೆಯಾದವರ ಚಿತ್ರಗಳಿಗೂ ನಡುವೆ, ಆಗಾಗ್ಗೆ ಸಣ್ಣಕ್ಷರದ ಪ್ರಕಟಣೆಯೊಂದು ಕಾಣಿಸಿಕೊಳ್ಳುವುದನ್ನು ವಾಚಕರು ಬಲ್ಲರು; ಅಥವಾ, ನಿಜವನ್ನು ಹೇಳುವುದಾದರೆ, ಬಹುಮಂದಿ ಅರಿಯರು. ಇಂಥ ಹೋಬಳಿಯ ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಇಷ್ಟು ಗುಂಟೆ ಜಮೀನನ್ನು ಒಂದು ಉಪಯೋಗದಿಂದ ಮತ್ತೊಂದು ಉಪಯೋಗಕ್ಕೆ ಮಾರ್ಪಡಿಸಲು ಉದ್ದೇಶಿಸಲಾಗಿದೆಯೆಂದೂ, ಆಕ್ಷೇಪಣೆಯುಳ್ಳವರು ಇಷ್ಟು ದಿನಗಳೊಳಗೆ ಬರಹದ ಮೂಲಕ ತಿಳಿಸತಕ್ಕದ್ದೆಂದೂ, ತಪ್ಪಿದಲ್ಲಿ ಯಾರ ಆಕ್ಷೇಪಣೆಯೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮವನ್ನು ಜರುಗಿಸಲಾಗುವುದೆಂದೂ ಅದರ ತಾತ್ಪರ್ಯ. ಕೆಳಗೆ ಚಕ್ಕುಬಂದಿ, ಅದರ ಕೆಳಗೆ ಒಂದು ಸಹಿ. ಊರಿನ ಮುಖವನ್ನೇ ಬದಲಿಸಬಲ್ಲ ಮಾತು ಎರಡು ಅಂಗುಲದೊಳಗೆ ಮುಗಿದುಹೋಗುತ್ತದೆ.

ಈ ಪ್ರಕಟಣೆಗಳನ್ನು ಅಚ್ಚುಮಾಡುವವರು ನಾವೇ. ಅದಕ್ಕೆ ಹಣ ಪಡೆಯುವವರೂ ನಾವೇ. ಪತ್ರಿಕೆಯನ್ನು ನಡೆಯಿಸುವ ಕಷ್ಟವನ್ನು ಬಲ್ಲವರು ಈ ವರಮಾನವನ್ನು ನಾವು ಬೇಡವೆನ್ನಲಿಲ್ಲವೆಂದು ದೂರಲಾರರು. ಆದರೆ ಕೆಲವು ಕಾಲದ ಹಿಂದೆ ನೆರೆಯ ಜಿಲ್ಲೆಯ ವೃದ್ಧರೊಬ್ಬರು ನಮ್ಮ ಕಚೇರಿಗೆ ಬಂದು, ನಮ್ಮದೇ ಪತ್ರಿಕೆಯಿಂದ ಕತ್ತರಿಸಿದ ಚೂರೊಂದನ್ನು ಮೇಜಿನ ಮೇಲಿಟ್ಟು, “ಸ್ವಾಮಿ, ಇದು ನಮ್ಮ ಮನೆಯ ಎದುರಿನ ಮಕ್ಕಳ ಆಟದ ಬಯಲಂತೆ. ನಿಮ್ಮ ಪತ್ರಿಕೆಯನ್ನು ಇಪ್ಪತ್ತು ವರ್ಷದಿಂದ ತರಿಸುತ್ತಿದ್ದೇನೆ. ಓದಿದೆ, ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ದಿನ ತೀರಿತ್ತು” ಎಂದರು. ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಈ ವಿಷಯವನ್ನೆತ್ತಿಕೊಳ್ಳಲು ಆ ಚೂರು ಕಾಗದವೇ ಕಾರಣ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. 1961ನೆಯ ಇಸವಿಯ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ಪ್ರತಿಯೊಂದು ಯೋಜನಾ ಪ್ರಾಧಿಕಾರವೂ ತನ್ನ ಪ್ರದೇಶಕ್ಕೆ ಮಹಾಯೋಜನೆಯೊಂದನ್ನು ಸಿದ್ಧಪಡಿಸಬೇಕೆಂದು ವಿಧಿಸಿದೆ. ಶಿವಮೊಗ್ಗ, ಭದ್ರಾವತಿಗಳೆರಡಕ್ಕೂ ಸೇರಿ ಇಂಥ ಪ್ರಾಧಿಕಾರವೊಂದಿರುವುದು ಸರಿಯಷ್ಟೆ. ಮಹಾಯೋಜನೆಯು ಸರ್ಕಾರದ ತಾತ್ಕಾಲಿಕ ಒಪ್ಪಿಗೆಯನ್ನು ಪಡೆದ ಮೇಲೆ ಅದನ್ನು ಪ್ರಕಟಿಸಿ, 60 ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಬೇಕು. ಇದು ಹತ್ತಾರು ವರ್ಷಗಳಿಗೊಮ್ಮೆ ಬರುವ ದೊಡ್ಡ ಹಬ್ಬ. ಇದಲ್ಲದೆ 14-ಎ ಎಂಬ ಪ್ರಕರಣವೊಂದುಂಟು. ಮಹಾಯೋಜನೆಯು ಜಾರಿಗೆ ಬಂದ ಅನಂತರವೂ ಸರ್ಕಾರದ ಪೂರ್ವಾನುಮತಿಯೊಡನೆ ಬಿಡಿಬಿಡಿಯಾಗಿ ಉಪಯೋಗವನ್ನು ಬದಲಿಸಲು ಅದು ದಾರಿಮಾಡಿಕೊಡುತ್ತದೆ. ಬದಲಾವಣೆಯು ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನುಗಳಿಗೆ ವಿರುದ್ಧವಾಗಿರಬಾರದು, ಆ ಪ್ರದೇಶದಲ್ಲಿ ಪ್ರಸಾರವುಳ್ಳ ದಿನಪತ್ರಿಕೆಯಲ್ಲಿ ಪ್ರಕಟವಾಗಿ ಸಾರ್ವಜನಿಕರ ಆಕ್ಷೇಪಣೆಗೆ ಎಡೆಗೊಡಬೇಕು ಎಂಬ ಷರತ್ತುಗಳಿವೆ. ದೊಡ್ಡ ಹಬ್ಬಕ್ಕೆ ಜನರು ಒಂದಿಷ್ಟು ಸೇರುತ್ತಾರೆ. ನಿತ್ಯದ ಈ ಚಿಕ್ಕ ಪೂಜೆಗೆ ಪೂಜಾರಿಯ ಹೊರತು ಯಾರೂ ಇರುವುದಿಲ್ಲ.

ಇದಕ್ಕೂ ಜಿಲ್ಲಾಧಿಕಾರಿಗಳು ಕೊಡುವ ಅನ್ಯಕ್ರಾಂತಕ್ಕೂ ಭೇದವುಂಟೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು, ಏಕೆಂದರೆ ತಿಳಿದವರೂ ಇವೆರಡನ್ನು ಬೆರಸುವರು. ಉಳುವ ಭೂಮಿಯನ್ನು ಬೇಸಾಯವಲ್ಲದ ಕೆಲಸಕ್ಕೆ ತಿರುಗಿಸುವುದು 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದ ವಿಷಯ. ಅದು ಒಬ್ಬ ಖಾತೆದಾರನಿಗೂ ಸರ್ಕಾರಕ್ಕೂ ನಡೆಯುವ ವ್ಯವಹಾರ. ಮಹಾಯೋಜನೆಯಲ್ಲಿನ ಉಪಯೋಗವನ್ನು ಬದಲಿಸುವುದಾದರೋ ಇಡೀ ಊರಿನ ವಿಷಯ. ಆ ಕಾರಣದಿಂದಲೇ ಶಾಸನವು ಸಾರ್ವಜನಿಕರನ್ನು ಕರೆದಿದೆ. ಮಾಲೀಕರನ್ನು ಮಾತ್ರ ಕರೆಯಲಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಮಾತಿಗೆ ಮುಂದೆ ಬರುತ್ತೇವೆ.

ಮಹಾಯೋಜನೆಯ ನಕಾಶೆಯನ್ನು ನೋಡಿದವರಿಗೆ ಅದರ ಬಣ್ಣಗಳು ಗೊತ್ತು. ವಾಸದ ನೆಲಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಿಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಗಳಿಗೂ ಬಯಲುಗಳಿಗೂ ಹಸುರು. ಮಕ್ಕಳ ಚಿತ್ರದ ಪುಸ್ತಕದಂತೆ ಕಾಣುವ ಈ ಹಾಳೆಯ ಮೇಲೆ ನೇರಿಳೆಯನ್ನಳಿಸಿ ಹಳದಿಯನ್ನೋ ನೀಲಿಯನ್ನೋ ಬಳಿದರೆ ನೆಲದ ಮೇಲಿನ ಒಂದು ಕಲ್ಲೂ ಅಲುಗುವುದಿಲ್ಲ. ಆದರೆ ಅದರ ಬೆಲೆಯು ಒಂದೇ ರಾತ್ರಿಯಲ್ಲಿ ಬೇರೆಯಾಗುತ್ತದೆ. ದುಡಿಯದೆ ಬರುವ ಈ ಲಾಭವು ಯಾರ ಕೈಸೇರುವುದೆಂಬುದೇ ಸಮಾಲೋಚನೆಯ ನಿಜವಾದ ವಿಷಯ. ಉಳಿದುದೆಲ್ಲ ಅಲಂಕಾರ.

ಈಗ ಭದ್ರಾವತಿಯ ನ್ಯೂ ಟೌನಿನ ಕಡೆಗೆ ಬರೋಣ. ಶತಮಾನದ ಆಸುಪಾಸಾದರೂ ‘ಹೊಸ’ ಎಂಬ ಇಂಗ್ಲಿಷ್ ಹೆಸರನ್ನು ಬಿಡದ ಊರಿದು. ಹೊಳೆಯ ಆಚೆಯ ದಡದಲ್ಲಿ ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಯ ಸುತ್ತ ಬೆಳೆದ ಹಳೇನಗರ. ಈಚೆಗೆ ಕಬ್ಬಿಣದ ಕಾರ್ಖಾನೆಯೊಡನೆ ಹುಟ್ಟಿದ ನ್ಯೂ ಟೌನು. ಬೆಂಕಿಪುರವೆಂದು ಹೆಸರಾಗಿದ್ದ ಊರಿಗೆ ಬೆಂಕಿಯ ಕುಲುಮೆಯೇ ಬಂದುದು ವಿಧಿಯ ವಿನೋದವೆನ್ನಬೇಕು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಇವು ಮೂರೂ ಕೂಡುವ ತಾಣವೆಂದು ಆರಿಸಿ ಮೈಸೂರು ಸಂಸ್ಥಾನವು 1918ರಲ್ಲಿ ಆರಂಭಿಸಿದ ಈ ಕಾರ್ಯವು 1923ರ ಜನವರಿಯಲ್ಲಿ ಕಬ್ಬಿಣವನ್ನು ಹರಿಯಿಸಿತು. ಮಹಾಯುದ್ಧವು ಮುಗಿದು ಕಬ್ಬಿಣದ ಧಾರಣೆಯು ಬಿದ್ದುಹೋಗಿ, ಇದು ಸಂಸ್ಥಾನದ ಹಣವನ್ನು ನುಂಗುವ ಬಿಳಿಯಾನೆಯೆಂದು ಅಂದಿಗೂ ಆಡಿಕೊಂಡವರುಂಟು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು 1923ರಿಂದ 1929ರವರೆಗೆ ಅದನ್ನು ಎತ್ತಿ ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ನಮ್ಮ ಪತ್ರಿಕೆಯೂ ಒಂದು ಕಾಲದಲ್ಲಿ ಅಲ್ಲಿನ ಕಾಗದದ ಮೇಲೆಯೇ ಅಚ್ಚಾಗುತ್ತಿತ್ತು. ಆ ಹಾಳೆಯ ವಾಸನೆಯನ್ನು ನಾವು ಇಂದಿಗೂ ಮರೆತಿಲ್ಲ.

ಮುಂದಿನದು ಎಲ್ಲರೂ ಬಲ್ಲ ದುಃಖದ ಕಥೆ. ಕಬ್ಬಿಣದ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ವಶಕ್ಕೆ ಹೋಗಿ 1998ರಲ್ಲಿ ಅದರಲ್ಲಿ ಲೀನವಾಯಿತು. 2015ರಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. ಕಬ್ಬಿಣವು ಮೊದಲು ಹರಿದು ನೂರು ವರ್ಷಗಳು ತುಂಬಿದ 2023ರ ಜನವರಿಯಲ್ಲಿಯೇ, ತಿಂಗಳೂ ತಪ್ಪದೆ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದು ಭಾಗದಲ್ಲಿ ಕೆಲಸವು ಮತ್ತೆ ತೊಡಗಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರು ಬಂದು ನೋಡಿಹೋದರು. ಕುಲುಮೆಯ ವಿಚಾರವು ದೆಹಲಿಯಲ್ಲಿ ತೀರ್ಮಾನವಾಗಬೇಕಾದುದು. ಅದನ್ನು ಕುರಿತು ನಾವು ಬೇರೆ ಬರೆಯಬೇಕಾದೀತು.

ಇಂದಿನ ನಮ್ಮ ಪ್ರಶ್ನೆಯು ನೆಲದ್ದು. ಕಾರ್ಖಾನೆಗೆಂದೂ, ಅದರಲ್ಲಿ ದುಡಿಯುವವರ ಮನೆಗಳಿಗೆಂದೂ, ಆಸ್ಪತ್ರೆ ಶಾಲೆ ಆಟದ ಬಯಲುಗಳಿಗೆಂದೂ ಸಂಸ್ಥಾನದ ಪ್ರಜೆಗಳ ಹೆಸರಿನಲ್ಲಿ ಒದಗಿಸಿದ ನೆಲವದು. ನಕಾಶೆಯಲ್ಲಿ ಅದನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಪ್ರಕಟಣೆಯು ಹೊರಟಿದೆಯೆಂದು ನಾವು ಹೇಳುತ್ತಿಲ್ಲ. ಹೊರಡುವ ಮೊದಲೇ ಈ ಮಾತನ್ನಾಡುವುದು ನಮ್ಮ ಉದ್ದೇಶ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿ ಫಲವೇನು?

ನಿಂತ ಕಾರ್ಖಾನೆಗಳ ನೆಲಕ್ಕೆ ಏನಾಗುವುದೆಂಬುದನ್ನು ಮುಂಬಯಿಯ ಹತ್ತಿಯ ಗಿರಣಿಗಳು ಕಲಿಸಿವೆ. 1982ರ ದೊಡ್ಡ ಮುಷ್ಕರದ ತರುವಾಯ ಅಲ್ಲಿನ ಗಿರಣಿಗಳು ಒಂದೊಂದಾಗಿ ಸೊರಗಿದುವು. 1991ರ ನಿಯಮವು, ಗಿರಣಿಯ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದಾದರೆ ಸರಿಸುಮಾರು ಮೂರರಲ್ಲೊಂದು ಪಾಲು ಊರಿನ ಬಯಲುಗಳಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದುದು ಮಾಲೀಕರಿಗೆ ಎಂದು ಹಂಚಿತ್ತು. ನ್ಯಾಯವಾದ ಹಂಚಿಕೆಯೆಂದು ಯಾರಾದರೂ ಒಪ್ಪುವರು. 2001ರಲ್ಲಿ ಆ ನಿಯಮವನ್ನು ತಿದ್ದಲಾಯಿತು. ಹಂಚಿಕೆಯು ಇಡೀ ನೆಲಕ್ಕಲ್ಲ, ಕಟ್ಟಡಗಳಿಲ್ಲದೆ ಬರಿದಾಗಿರುವ ನೆಲಕ್ಕೆ ಮಾತ್ರ ಎಂದಾಯಿತು. ಗಿರಣಿಯೆಂದರೆ ಕಟ್ಟಡಗಳೇ ತಾನೆ? ಕೆಲವೇ ಪದಗಳ ತಿದ್ದುಪಡಿಯಿಂದ ಊರಿನ ಪಾಲೂ ವಸತಿಯ ಪಾಲೂ ಕರಗಿ ಚೂರಾದುವು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2006ರಲ್ಲಿ ತಿದ್ದುಪಡಿಯೇ ಎತ್ತಿಹಿಡಿಯಲ್ಪಟ್ಟಿತು. ಗಿರಣಿಗಳ ಹೊಗೆಗೊಳವೆಗಳಿದ್ದಲ್ಲಿ ಇಂದು ಅಂಗಡಿಗಳ ಅರಮನೆಗಳೂ ಗಗನಚುಂಬಿ ಮನೆಗಳೂ ನಿಂತಿವೆ. ಪದಗಳು ಬದಲಾದಾಗ ಎಚ್ಚರದಿಂದ ಓದಿದವರು ಎಷ್ಟು ಮಂದಿ ಇದ್ದರೋ!

ನ್ಯೂ ಟೌನಿನ ನಿವಾಸಿಗಳಲ್ಲಿ ಕೆಲವರು ನಮ್ಮೊಡನೆ ಮಾತನಾಡುವಾಗ, “ಮನೆ ನಮ್ಮದಲ್ಲ, ಕಾರ್ಖಾನೆಯದು, ನಾವು ಆಕ್ಷೇಪಿಸಿದರೆ ಯಾರು ಕೇಳುವರು?” ಎನ್ನುವುದುಂಟು. ಇದು ತಪ್ಪು ತಿಳಿವಳಿಕೆ. ಮೇಲೆ ಹೇಳಿದಂತೆ ಶಾಸನವು ಕರೆದಿರುವುದು ಸಾರ್ವಜನಿಕರನ್ನು. ಕ್ವಾರ್ಟರ್ಸಿನಲ್ಲಿರುವ ನಿವೃತ್ತ ಕಾರ್ಮಿಕನೂ, ಗೇಟಿನೆದುರು ಚಹಾ ಕಾಯಿಸುವವಳೂ, ಅಲ್ಲಿನ ಶಾಲೆಗೆ ಮಗುವನ್ನು ಕಳುಹಿಸುವ ಹಳೇನಗರದ ತಾಯಿಯೂ ಆಕ್ಷೇಪಿಸಲು ಅರ್ಹರು. ಹಕ್ಕುಪತ್ರವಿಲ್ಲದವನಿಗೆ ಊರೇ ಇಲ್ಲವೆಂದು ಯಾವ ಕಾನೂನೂ ಹೇಳಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಆಧಾರವುಂಟು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು, 1976ರಲ್ಲಿ ಮುಖ್ಯಮಂತ್ರಿಗಳ ಮಟ್ಟದಲ್ಲಾದ ನಿರ್ಧಾರದ ಮೇರೆಗೆ, ಖಾಸಗಿ ಆಸ್ಪತ್ರೆಯೊಂದನ್ನು ಕಟ್ಟಲು ಟ್ರಸ್ಟೊಂದಕ್ಕೆ ಕೊಡಲಾಯಿತು. ಆಸ್ಪತ್ರೆಯೂ ಜನಹಿತವಲ್ಲವೆ ಎಂಬುದು ಅವರ ವಾದ. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು, ಮುದ್ದಪ್ಪ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ, ನಿವಾಸಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ಉದ್ಯಾನದ ನೆಲವು ಉದ್ಯಾನಕ್ಕೇ ಸಲ್ಲತಕ್ಕದ್ದು. ಅದನ್ನು ಪ್ರಶ್ನಿಸಲು ಸುತ್ತಲಿನ ನಿವಾಸಿಗಳಿಗೆ ಅಧಿಕಾರವುಂಟು. ಆ ನೆಲದಲ್ಲಿ ನಿವಾಸಿಗಳಲ್ಲೊಬ್ಬರ ಹೆಸರಿಗೂ ಒಂದು ಗುಂಟೆಯ ಖಾತೆ ಇರಲಿಲ್ಲ.

ಬೆಂಗಳೂರಿನದೇ ಮತ್ತೊಂದು ಸಂಗತಿ. 2031ರವರೆಗಿನ ಮಹಾಯೋಜನೆಯ ಕರಡನ್ನು 2017ರಲ್ಲಿ ಪ್ರಕಟಿಸಿದಾಗ ಆಕ್ಷೇಪಣೆಗಳು ಸಾವಿರಗಟ್ಟಲೆ ಬಂದುವು. 2020ರಲ್ಲಿ ಕರಡೇ ಹಿಂದೆಗೆಯಲ್ಪಟ್ಟಿತು. ಅದರಿಂದ ನಗರಕ್ಕೆ ಒಳಿತಾಯಿತೆ ಎಂಬುದು ಬೇರೆಯ ಚರ್ಚೆ. ಯೋಜನೆಯಿಲ್ಲದ ನಗರದಲ್ಲಿ ಬಲಶಾಲಿಯ ಇಚ್ಛೆಯೇ ಯೋಜನೆಯಾಗುವ ಭಯವೂ ಉಂಟು. ಬರೆದು ಕಳುಹಿಸಿದುದು ಕಸದ ಬುಟ್ಟಿಗೇ ಹೋಗುವುದೆಂಬ ಮಾತು ಮಾತ್ರ ಪೂರ್ಣ ಸತ್ಯವಲ್ಲವೆಂದು ತಿಳಿದರೆ ಸಾಕು.

ಜನರಿಗೆ ನಕಾಶೆಯು ಅರ್ಥವಾಗುವುದಿಲ್ಲ, ಅವರನ್ನು ಕೇಳಿ ಪ್ರಯೋಜನವಿಲ್ಲವೆಂದು ಅಧಿಕಾರಿಗಳಲ್ಲಿ ಕೆಲವರು ಹೇಳುವರು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ದೇಶಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ವಿದ್ವಾಂಸರು ಹಾಗೆ ಎಣಿಸಲಿಲ್ಲ. ಊರುಗಳನ್ನು ಕುರಿತ ನಕಾಶೆಗಳ, ಚಿತ್ರಗಳ ದೊಡ್ಡ ಪ್ರದರ್ಶನವೊಂದನ್ನು ಅವರು ಜನಸಾಮಾನ್ಯರಿಗೆ ತೋರಿಸಲೆಂದು ಹಡಗಿನಲ್ಲಿ ತರಿಸುತ್ತಿದ್ದಾಗ, 1914ರಲ್ಲಿ ಮದರಾಸಿನ ಮೇಲೆ ಗುಂಡು ಹಾರಿಸಿ ಹೋದ ಅದೇ ಎಂಡೆನ್ ನೌಕೆಯು ಆ ಹಡಗನ್ನೂ ಮುಳುಗಿಸಿತು. ಗೆಡ್ಡೆಸರು ಎದೆಗುಂದದೆ ಮಿತ್ರರಿಂದ ಮತ್ತೆ ನಕಾಶೆಗಳನ್ನು ಸಂಗ್ರಹಿಸಿ 1915ರ ಆದಿಯಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ತೆರೆದರು. ಸಮುದ್ರದ ತಳಕ್ಕೆ ಹೋದ ನಕಾಶೆಯನ್ನೇ ಜನರ ಮುಂದಿಡಲು ಸಾಧ್ಯವಾಗಿರುವಲ್ಲಿ, ಕಚೇರಿಯ ಬೀರುವಿನಲ್ಲಿರುವ ನಕಾಶೆಯನ್ನು ಬಸ್ ನಿಲ್ದಾಣದ ಗೋಡೆಗೆ ತರಲು ಅಡ್ಡಿಯೇನು?

ಆದುದರಿಂದ ಪ್ರಾಧಿಕಾರಗಳನ್ನು ನಡೆಯಿಸುವವರಲ್ಲಿ ನಮ್ಮ ನಿವೇದನೆಯಿಷ್ಟು. ಬದಲಾವಣೆಗೆ ಉದ್ದೇಶಿಸಿದ ಜಾಗದಲ್ಲಿಯೇ, ದಾರಿಹೋಕನಿಗೆ ಕಾಣುವಂತೆ, ಇಂದಿನ ಉಪಯೋಗವೇನು ಮುಂದಿನ ಉಪಯೋಗವೇನು ಎಂಬುದನ್ನು ತಿಳಿಗನ್ನಡದಲ್ಲಿ ಬರೆದ ಹಲಗೆಯನ್ನು ನಿಲ್ಲಿಸಬೇಕು. ಸರ್ವೆ ನಂಬರಿನ ಜೊತೆಗೆ ಜನರು ಆ ಜಾಗವನ್ನು ಕರೆಯುವ ಹೆಸರನ್ನೂ ಹೇಳಬೇಕು. ತನ್ನ ಬೀದಿಯ ಸರ್ವೆ ನಂಬರನ್ನು ಬಲ್ಲವನು ಸಾವಿರಕ್ಕೊಬ್ಬನಿಲ್ಲ. ಹಿಂದೆ ಹಳ್ಳಿಯಲ್ಲಿ ತಮಟೆ ಬಡಿದು ಸಾರುತ್ತಿದ್ದಾಗ ಓದು ಬಾರದವನಿಗೂ ಸಮಾಚಾರವು ಮುಟ್ಟುತ್ತಿತ್ತು. ಇಂದು ಓದು ಬಲ್ಲವನಿಗೂ ಮುಟ್ಟುತ್ತಿಲ್ಲ. ಆಕ್ಷೇಪಣೆಗಳ ವಿಚಾರಣೆಯನ್ನು ಕೆಲಸದ ದಿನದ ಹನ್ನೊಂದು ಗಂಟೆಗೆ ದೂರದ ಕಚೇರಿಯಲ್ಲಿ ಇಡದೆ, ರಜೆಯ ದಿನ ಆಯಾ ಬಡಾವಣೆಯ ಶಾಲೆಯಲ್ಲಿಯೇ ನಡೆಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಳ್ಳಿಹಾಕಿದ ಪ್ರತಿಯೊಂದು ಆಕ್ಷೇಪಣೆಗೂ ಕಾರಣವನ್ನು ಬರೆದು ಕೊಡಬೇಕು. ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದವು ಕಾರಣವಲ್ಲ.

ಇತರರಿಗೆ ಬುದ್ಧಿ ಹೇಳಿ ತಾನು ಸುಮ್ಮನಿರುವುದು ಪತ್ರಿಕೆಗೆ ಶೋಭಿಸದು. ಬರುವ ತಿಂಗಳ ಮೊದಲನೆಯ ದಿನದಿಂದ, ಭೂ ಉಪಯೋಗದ ಬದಲಾವಣೆಯನ್ನು ಕುರಿತ ಯಾವುದೇ ಪ್ರಕಟಣೆಯು ನಮ್ಮ ಒಳಪುಟದಲ್ಲಿ ಅಚ್ಚಾದ ದಿನವೇ, ಅದರ ಸಾರಾಂಶವನ್ನೂ, ಜಾಗದ ರೂಢಿಯ ಹೆಸರನ್ನೂ, ಆಕ್ಷೇಪಣೆಯ ಕಡೆಯ ದಿನಾಂಕವನ್ನೂ ಮುಖಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಪ್ರಕಟಿಸುತ್ತೇವೆ. ಇದಕ್ಕೆ ಯಾರಿಂದಲೂ ಕಾಸು ಪಡೆಯುವುದಿಲ್ಲ. ಇದರಿಂದ ಅಂಥ ಪ್ರಕಟಣೆಗಳು ನಮ್ಮಲ್ಲಿಗೆ ಬರುವುದೇ ನಿಂತುಹೋದರೂ ಹೋಗಬಹುದು. ಬೇರೆ ಪತ್ರಿಕೆಯಲ್ಲಿ ಕಂಡುದನ್ನೂ ಕತ್ತರಿಸಿ ಕಳುಹಿಸಿಕೊಡುವಂತೆ ನ್ಯೂ ಟೌನಿನ, ಹಳೇನಗರದ, ಕಾಗದನಗರದ ವಾಚಕರನ್ನು ಕೇಳಿಕೊಳ್ಳುತ್ತೇವೆ. ಆ ವೃದ್ಧರು ಬಿಟ್ಟುಹೋದ ಚೂರು ನಮ್ಮ ಮೇಜಿನ ಗಾಜಿನ ಕೆಳಗಿದೆ.